ಹಲಗೆಯ ಹಿಂದಿನ ಕುರ್ಚಿ

ಜೂನ್ ೩

ಪ್ರೀತಿಯ ಅಮ್ಮಾ,

ನಾನು ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ! ಒಂದೇ ಸಲ ಬರೆದರೆ ನೀನು ನಂಬುವುದಿಲ್ಲ, ಅದಕ್ಕೆ. ಮದುವೆಯಾಗಿ ತಿಂಗಳಾದರೂ ಬೆಳಿಗ್ಗೆ ಕಣ್ಣುಬಿಟ್ಟಾಗ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿರುವ ನಿನ್ನ ಅಳಿಯನನ್ನು ನೋಡಿ "ಅಯ್ಯೋ, ಇವನು ನನ್ನ ಗಂಡ!" ಎಂದು ನಗು ಬರುತ್ತದೆ. ನಿನ್ನೆ ಇಬ್ಬರೂ ಸೇರಿ ಕಿಟಕಿಗೆ ಪರದೆ ಹಾಕಿದೆವು. ಅವನು ಸ್ಟೂಲಿನ ಮೇಲೆ, ನಾನು ಕೆಳಗೆ ನಿಂತು ಯಜಮಾನಿಕೆ. ಪರದೆ ಓರೆಯಾಗಿದೆ. ಅವನ ಪ್ರಕಾರ ಪರದೆ ನೆಟ್ಟಗಿದೆ, ಕಿಟಕಿಯೇ ಓರೆ.

ಇಡೀ ಜಗತ್ತು ಫೋನಿನಲ್ಲಿ ಮಾತಾಡುತ್ತಿರುವಾಗ ನೀನೊಬ್ಬಳು, "ನೌಕರಿಯಿಡೀ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಯಂತ್ರ ಕಟ್ಟಿಕೊಂಡು ಕೂತಿದ್ದೆ, ಇನ್ನು ಅದನ್ನ ಮುಟ್ಟಲ್ಲ" ಎಂದು ಹಠ ಹಿಡಿದಿದ್ದೀಯ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಈ ಬಡಪಾಯಿ ಅದಕ್ಕಾಗಿ ಪೆನ್ನು ಕಚ್ಚಿಕೊಂಡು ಕಾಗದ ಬರೆಯಬೇಕು. ನಿಜ ಹೇಳಲಾ? ನನಗೀಗ ಇದು ಇಷ್ಟವಾಗತೊಡಗಿದೆ.

ಮನೆ ಮೂರನೇ ಮಹಡಿಯಲ್ಲಿದೆ. ಉದ್ದನೆಯ ಓಣಿಯಂಥ ಹಜಾರ, ಅದರ ಕೊನೆಯಲ್ಲಿ ಊಟದ ಮೇಜು. ಎಲ್ಲ ವಿಚಿತ್ರ! ಬಾಗಿಲ ಗಂಟೆ ಒತ್ತಿದರೆ ಮೇಜಿನ ಮೇಲೆ ಒಂದು ಹಳದಿ ಬಲ್ಬು ಹತ್ತಿಕೊಳ್ಳುತ್ತದೆ; ಅಪ್ಪನ ಮೆಕ್ಯಾನಿಕ್ ಹುಚ್ಚು ಅದು ಎನ್ನುತ್ತಾನೆ ನಿನ್ನ ಅಳಿಯ. ಮಾವ ಕೂರುವ ಕುರ್ಚಿಯ ಎದುರು ದೊಡ್ಡ ಕನ್ನಡಿ. ಈ ವಯಸ್ಸಿನಲ್ಲೂ ಊಟ ಮಾಡುವಾಗ ಮುಖ ನೋಡಿಕೊಳ್ಳುವ ಷೋಕಿ ನೋಡು ಎಂದು ನಿನ್ನ ಅಳಿಯನಿಗೆ ಹೇಳಿ ನಕ್ಕೆ.

ಮಾವನದೇ ಒಂದು ಚಿಂತೆ. ಅವರು ನನ್ನೊಡನೆ ಮಾತಾಡುವುದಿಲ್ಲ. ಬೈಯುವುದೂ ಇಲ್ಲ. ನಾನು ಬಾಯಿ ತೆರೆದರೆ ತಲೆಯಾಡಿಸುತ್ತಾರೆ, ಎದ್ದು ಹೋಗುತ್ತಾರೆ. ನನ್ನ ಆಫೀಸಿನಲ್ಲಿ ಏನು ಕೆಲಸವೆಂದು ಊಟದ ಹೊತ್ತಿನಲ್ಲಿ ಎಷ್ಟು ಚೆನ್ನಾಗಿ ವಿವರಿಸಿದೆ ಗೊತ್ತಾ? ಮುಗಿದ ಮೇಲೆ "ಸರಿ, ಬಾಗಿಲು ಹಾಕ್ಕೊ" ಎಂದು ಹೊರಟರು. "ಅಮ್ಮ ಹೋದಾಗಿನಿಂದ ಅಪ್ಪ ಹಾಗೇ, ಮನಸ್ಸಿಗೆ ಹಚ್ಕೋಬೇಡ" ಎನ್ನುತ್ತಾನೆ ನಿನ್ನ ಅಳಿಯ. ಆದರೆ ಅವನೊಡನೆ ಅವರು ಚೆನ್ನಾಗಿಯೇ ಮಾತಾಡುತ್ತಾರಲ್ಲ! ನನ್ನ ಓರೆ ಹಲ್ಲು ಕಂಡು ಬೇಸರವಾಯಿತೋ ಏನೋ.

ನಿನ್ನ,
ಗಿಣಿ


ಜೂನ್ ೧೨

ಗಿಣೀ,

ನಿನ್ನ ಕಾಗದ ಓದುವಾಗಲೂ ಕಿವಿ ಗುಂಯ್‌ಗುಡುತ್ತದೆ ಕಣೇ. ಒಂದೇ ಉಸಿರಿಗೆ ಪರದೆ, ಕಿಟಕಿ, ಗೊರಕೆ! ಪಾಪ, ಆ ಮನುಷ್ಯ ಜೀವಮಾನವೆಲ್ಲ ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿದವರು. ನಿವೃತ್ತಿಯಾಗಿ ಸದ್ದು ನಿಂತಿತು ಎನ್ನುವಷ್ಟರಲ್ಲಿ ಮಗ ನಿನ್ನನ್ನು ಕಟ್ಟಿಕೊಂಡು ಬಂದ.

ತಮಾಷೆ ಮಾಡಿದೆ. ಕೆಲವು ಗಂಡಸರಿಗೆ ಹೊಸಬರೆಂದರೆ ಸಂಕೋಚ, ಕಾಲ ಬೇಕು.

ಹಲ್ಲಿನ ವಿಷಯ ಮಾತ್ರ ಎತ್ತಬೇಡ. ಏಳನೇ ಕ್ಲಾಸಿನಲ್ಲಿ ಯಾವಳೋ ಏನೋ ಅಂದಳೆಂದು ಅವತ್ತಿನಿಂದ ಬಾಯಿಗೆ ಅಂಗೈ ಮುಚ್ಚಿಕೊಂಡೇ ಮಾತಾಡುತ್ತೀಯ, ನಗುತ್ತೀಯ. ಮದುವೆಯ ಫೋಟೋದಲ್ಲೂ ಮುಖಕ್ಕಿಂತ ಕೈಯೇ ಹೆಚ್ಚು. ಕೈ ಕೆಳಗಿಡು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ನಿನ್ನ ಆಫೀಸಿನ ಕೆಲಸ ಏನೆಂದು ನನಗೂ ಅರ್ಥವಾಗಿಲ್ಲ. ನಿಧಾನವಾಗಿ ಬರಿ.

ಅಮ್ಮ


ಜುಲೈ ೪

ಅಮ್ಮಾ,

ನಿಧಾನವಾಗಿ ಬರೆಯುತ್ತಿದ್ದೇನೆ, ನೋಡು, ಅಕ್ಷರವೂ ದುಂಡಗಿದೆ.

ನಾವು ಒಂದು ಸಾಧನ ಮಾಡುತ್ತಿದ್ದೇವೆ. ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ಹಿರಿಯರಿಗಾಗಿ. ಮೇಜಿನ ಮೇಲಿಡುವ ಸಣ್ಣ ಪರದೆ. ಏನಾದರೂ ಕೇಳಿದರೆ ದಪ್ಪ ಅಕ್ಷರಗಳಲ್ಲಿ ಉತ್ತರ ಮೂಡುತ್ತದೆ. ಅದಕ್ಕಿನ್ನೂ ಬಾಯಿಯಿಲ್ಲ. ಮಿದುಳೂ ಇಲ್ಲ, ಅದೇ ಗುಟ್ಟು! ಯಂತ್ರವನ್ನು ಪೂರ್ತಿ ಕಟ್ಟಿ, ಆಮೇಲೆ ಜನರಿಗೆ ಬೇಡವೆಂದರೆ ಎಲ್ಲ ದಂಡ. ಹಾಗಾಗಿ ಮೊದಲು ನಾಟಕ. ಕೋಣೆಯ ನಡುವೆ ಹಲಗೆಯ ತಡಿಕೆ. ಈಚೆ ಹಿರಿಯರು, ಎದುರಿಗೆ ಸಾಧನ. ಆಚೆ, ಗಿರ್ರನೆ ತಿರುಗುವ ಚಕ್ರದ ಕುರ್ಚಿಯ ಮೇಲೆ, ನಿನ್ನ ಮಗಳು! ಕಿವಿಗೆ ಹೆಡ್‌ಫೋನ್, ಎದುರು ಟಿವಿಯಲ್ಲಿ ಅವರ ಮುಖ. ಅವರು ಕೇಳಿದ್ದಕ್ಕೆ ನಾನು ಟೈಪ್ ಮಾಡಿದ್ದು ಅವರ ಪರದೆಯಲ್ಲಿ ಮೂಡುತ್ತದೆ. ಅವರು ಯಂತ್ರವೆಂದು ನಂಬಿ ಮಾತಾಡುತ್ತಾರೆ. ಆಗ ಅವರಿಗೆ ನಿಜವಾಗಿ ಬೇಕಾದದ್ದೇನು ಎಂಬುದು ತಿಳಿಯುತ್ತದೆ.

ನಮ್ಮ ತಂಡದ ಮೇಡಂ ಬಹಳ ಶಿಸ್ತು. ಹಿರಿಯರ ಹೆಸರು ನಮಗೆ ಹೇಳುವುದಿಲ್ಲ, ನಂಬರ್ ಮಾತ್ರ. ಸಂಬಂಧಿಕರನ್ನು ಕೂರಿಸುವಂತಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ "ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ" ಎಂದಷ್ಟೇ ಟೈಪ್ ಮಾಡಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ: ಮುಗಿದ ಮೇಲೆ ಹಲಗೆಯ ಹಿಂದಿನವಳು ಎದ್ದು ಬಂದು, "ಯಂತ್ರ ನಾನೇ ಆಗಿದ್ದೆ, ಕ್ಷಮಿಸಿ" ಎಂದು ಮುಖ ತೋರಿಸಬೇಕು. ಆಮೇಲೆ ಅವರು ಬೇಡವೆಂದರೆ ರೆಕಾರ್ಡಿಂಗ್ ಅಳಿಸಬೇಕು. ಮುಖ ತೋರಿಸಿದಾಗ ಅವರೆಲ್ಲ ಎಷ್ಟು ನಗುತ್ತಾರೆ ಗೊತ್ತಾ! ಒಬ್ಬ ಅಜ್ಜಿ ನನ್ನ ಕೆನ್ನೆ ಹಿಂಡಿ, "ಎಲಾ ಕಳ್ಳಿ, ನೀನಾ ಅಷ್ಟು ಜಾಣ ಮೆಷಿನ್ನು?" ಎಂದರು.

ಇನ್ನೊಂದು ವಿಷಯ. ನಾವು ಬೇರೆ ಮನೆ ಮಾಡುತ್ತಿದ್ದೇವೆ. ಆಫೀಸಿಗೆ ಹತ್ತಿರ, ಎರಡು ಕೋಣೆ, ಬೆಳಕು ಚೆನ್ನಾಗಿದೆ. ಮಾವನಿಗೆ ನಿನ್ನ ಅಳಿಯ ಹೇಳಿದ. ಅವರು ಬಲ್ಬಿನ ಕಡೆ ನೋಡುತ್ತ "ನಿಮಗೆ ಅನುಕೂಲವಾದ್ರೆ ಸರಿ" ಎಂದರಂತೆ. ನನಗೆ ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೂ ಅಮ್ಮ, ಒಬ್ಬರಿಗೆ ನಾನು ಬೇಡವಾಗಿ ಅಲ್ಲಿಂದ ಹೊರಡುವುದು ಮುಳ್ಳಿನ ಹಾಗೆ ಚುಚ್ಚುತ್ತದೆ.

ಗಿಣಿ


ಜುಲೈ ೧೮

ಅಮ್ಮಾ,

ಇದನ್ನು ನಿನ್ನ ಅಳಿಯನಿಗೂ ಹೇಳಿಲ್ಲ.

ನಿನ್ನೆ ಆಫೀಸಿನಲ್ಲಿ, ಊಟದ ನಂತರ, ಪರೀಕ್ಷೆಗೆ ಮೊದಲನೆಯ ಹಿರಿಯರು ಬಂದರು. ಮೇಡಂ ಎಂದಿನಂತೆ ಅವರ ಎದುರು ಕೂತು, ನಿಧಾನವಾಗಿ, ಬಿಡಿಸಿ ಬಿಡಿಸಿ ವಿವರಿಸಿದರು. ನಾನು ಹೆಡ್‌ಫೋನ್ ಸರಿಮಾಡಿಕೊಂಡು ತಲೆಯೆತ್ತಿ ಟಿವಿ ನೋಡಿದರೆ ಮಾವ! ಅದೇ ಬೂದು ಶರ್ಟು, ಹಿಂದಿನ ದಿನ ನಾನೇ ಮಡಚಿಟ್ಟದ್ದು. ಗಿರಣಿಯ ಗೆಳೆಯರೊಬ್ಬರು ಕರೆತಂದಿದ್ದರಂತೆ. ನಾನು ಇಲ್ಲಿ ಕೆಲಸ ಮಾಡುತ್ತೇನೆಂಬುದು ಅವರಿಗೆ ಗೊತ್ತೇ ಇಲ್ಲ. ಅಷ್ಟು ವಿವರಿಸಿದ್ದೆನಲ್ಲ!

ಆ ಕ್ಷಣವೇ ಎದ್ದು ಹೋಗಬೇಕಿತ್ತು. ನಾನು ಏಳಲಿಲ್ಲ. ಕುತೂಹಲ ಅಮ್ಮ, ಹಾಳು ಕುತೂಹಲ.

"ನಿಮಗೆ ಬೇಕಾದ್ದನ್ನ ಕೇಳಿ, ನಾನು ಹೊರಗಿರ್ತೀನಿ" ಎಂದು ಮೇಡಂ ಬಾಗಿಲು ಎಳೆದುಕೊಂಡರು. ಮಾವ ಕನ್ನಡಕ ಒರೆಸಿಕೊಂಡರು. ಸಾಧನದ ಹಿಂಭಾಗವನ್ನೊಮ್ಮೆ ತಿರುಗಿಸಿ ನೋಡಿದರು, ಮೆಕ್ಯಾನಿಕ್ ಅಲ್ಲವಾ. ಆಮೇಲೆ ಬಾಗಿ ಹೇಳಿದರು:

"ನೋಡಪ್ಪಾ, ನಮ್ಮನೆಗೆ ಹೊಸ್ದಾಗಿ ಸೊಸೆ ಬಂದಿದಾಳೆ. ತುಂಬಾ ಮಾತಾಡ್ತಾಳೆ."

ಏನು ಬರೆಯಲಿ? ಬೆರಳುಗಳು ತಾವಾಗಿಯೇ ನಿಯಮದ ವಾಕ್ಯ ಒತ್ತಿದವು. ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ.

ಮಾವ ಓದಿದರು. ಓದಿ, ಅಮ್ಮ, ನಕ್ಕರು! ಅವರು ನಗುವುದನ್ನು ನಾನು ಕಂಡದ್ದೇ ಮೊದಲು.

"ನಿಂಗೂ ಕೇಳ್ಸೋದಿಲ್ವಾ? ಸರಿಹೋಯ್ತು. ಇಬ್ರದ್ದೂ ಒಂದೇ ಕಥೆ." ಕುರ್ಚಿ ಹತ್ತಿರ ಎಳೆದುಕೊಂಡರು. "ನನ್ನ ಕಿವಿ ಹೋಗಿದೆ ಕಣಪ್ಪಾ. ಗಿರಣಿ ತಿಂದ್ಹಾಕ್ತು. ಮಗ್ಗದ ಸದ್ದಲ್ಲಿ ಎಲ್ರೂ ತುಟಿ ನೋಡೇ ಮಾತಾಡ್ತಿದ್ವಿ, ಆ ಅಭ್ಯಾಸದಲ್ಲೇ ದಿನ ತಳ್ತಿದೀನಿ. ನನ್ನ ಹೆಂಡ್ತಿ ಇದ್ದಾಗ ಚಿಂತೆ ಇರ್ಲಿಲ್ಲ. ಯಾರೇ ಬರ್ಲಿ, ಅವಳು ಎದುರಿಗೆ ಕೂತು ಸದ್ದಿಲ್ದೆ ತುಟಿಯಲ್ಲೇ ಎಲ್ಲಾ ಹೇಳ್ಬಿಡೋಳು. ಮಗನಿಗೂ ಗೊತ್ತಾಗ್ಲಿಲ್ಲ. ಅವನ ತುಟಿ ಚಿಕ್ಕಂದಿನಿಂದ ಓದಿ ರೂಢಿ. ಈ ಹುಡುಗಿ ಮಾತು ಮಾತ್ರ ಒಂದಕ್ಷರ ತಿಳಿಯಲ್ಲ. ಏನೋ ಕೇಳ್ತಾಳೆ, ನಾನು ಇನ್ನೇನೋ ಹೇಳಿ ನಗೆಪಾಟಲಾದ್ರೆ? ಎದ್ದು ಹೋಗ್ಬಿಡ್ತೀನಿ. ಈಗ ಬೇರೆ ಮನೆ ಮಾಡ್ತಾರಂತೆ. ಮನೆ ತುಂಬಾ ಓಡಾಡ್ಕೊಂಡಿರ್ತಾಳೆ, ನೋಡೋಕೇ ಒಂದು ಚೆಂದ. ಹೋಗ್ಬೇಡಿ ಅಂತ ಹೇಗೆ ಹೇಳ್ಲಿ? ಹೇಳಿದ್ರೆ ಕಿವಿ ವಿಷ್ಯಾನೂ ಹೇಳ್ಬೇಕು."

ನನಗೆ ಕೀಲಿಮಣೆ ಕಾಣಿಸುತ್ತಿರಲಿಲ್ಲ, ಕಣ್ಣು ತುಂಬಿತ್ತು. ಹೇಗೋ ಟೈಪ್ ಮಾಡಿದೆ: ಅವಳನ್ನೇ ಕೇಳಿ.

"ಆಹಾ!" ಎಂದರು ಮಾವ. "ಯಂತ್ರವಾಗಿ ಕೂತು ಹೇಳೋದು ಸುಲಭ."

ಅಷ್ಟರಲ್ಲಿ ಬಾಗಿಲು ತೆರೆಯಿತು. ನಾನು ಹಿಂದಿನ ಬಾಗಿಲಿನಿಂದ ಓಡಿದೆ. ಮೆಟ್ಟಿಲಿಳಿದು ಸೈಕಲ್ ನಿಲ್ಲಿಸುವ ಜಾಗದಲ್ಲಿ ಕಳ್ಳಿಯ ಹಾಗೆ ನಿಂತೆ. "ನಿಮ್ಮ ಜೊತೆ ಮಾತಾಡಿದವರನ್ನ ಪರಿಚಯ ಮಾಡಿಸ್ತೀನಿ" ಎಂದು ಮೇಡಂ ತಡಿಕೆ ಸರಿಸಿದರೆ, ಖಾಲಿ ಕುರ್ಚಿ ಇನ್ನೂ ತಿರುಗುತ್ತಿತ್ತಂತೆ. ಅದು ಯಂತ್ರವಲ್ಲ, ಮನುಷ್ಯರು ಎಂದು ತಿಳಿದಾಗ ಮಾವನ ಮುಖ ಬಿಳಿಚಿತಂತೆ. "ಎಲ್ಲಾ ಅಳಿಸ್ಬಿಡಿ" ಎಂದರಂತೆ. ಅವರೆದುರೇ ಅಳಿಸಿದರು. ಮೇಡಂಗೆ ನಾನು ತಲೆಸುತ್ತು ಬಂತೆಂದು ಸುಳ್ಳು ಹೇಳಿದೆ.

ಈಗ ಉಳಿದಿರುವ ರೆಕಾರ್ಡಿಂಗ್ ನಾನೊಬ್ಬಳೇ. ಮಾವ ನಿನ್ನೆಯಿಂದ ಕೋಣೆ ಬಿಟ್ಟು ಹೊರಬಂದಿಲ್ಲ. ಯಾರೋ ಗುರುತಿಲ್ಲದವರಿಗೆ ತಮ್ಮ ಗುಟ್ಟು ಗೊತ್ತಾಯಿತೆಂದು ಕೊರಗುತ್ತಿದ್ದಾರೆ. ಹೇಳಿದರೆ ಅವರು ಇನ್ನೆಂದೂ ನನ್ನ ಮುಖ ನೋಡಲಾರರೇನೋ. ಏನು ಮಾಡಲಿ?

ಗಿಣಿ


ಜುಲೈ ೨೪

ಗಿಣೀ,

ಬಾಯಿ ಮುಚ್ಚಿಕೊಂಡಿರು.

ಒರಟಾಗಿ ಹೇಳಿದೆ, ತಿಳಿದೇ ಹೇಳಿದೆ. ಎಕ್ಸ್‌ಚೇಂಜಿನಲ್ಲಿ ನಮ್ಮ ದಾರಿಯೇ ಅದು. ಲೈನು ಕೂಡಿಸಿದ ಮೇಲೆ ನಾವು ಕೇಳಬಾರದು. ಅಕಸ್ಮಾತ್ ಕಿವಿಗೆ ಬಿದ್ದರೆ ಅದು ಬಿದ್ದೇ ಇಲ್ಲವೆಂಬಂತೆ ಇರಬೇಕು.

ನಿನಗೆಂದೂ ಹೇಳದ ಒಂದು ಮಾತು ಹೇಳುತ್ತೇನೆ. ಒಮ್ಮೆ ನಿನ್ನ ಅಪ್ಪ ಪರವೂರಿನ ಗೆಳೆಯನಿಗೆ ಟ್ರಂಕ್ ಕಾಲ್ ಬುಕ್ ಮಾಡಿದ್ದರು. ಲೈನು ಕೂಡಿಸುವ ಬೋರ್ಡಿನಲ್ಲಿ ನಾನೇ ಇದ್ದೆ, ಅವರಿಗೆ ಗೊತ್ತಿರಲಿಲ್ಲ. ಇಲಾಖೆಯ ಬಡ್ತಿ ಪರೀಕ್ಷೆಯಲ್ಲಿ ಮತ್ತೆ ಫೇಲಾದೆ, ಮನೆಯಲ್ಲಿ ಹೇಳಿಲ್ಲ ಎಂದರು. ನಾನೂ ಆ ಮಾತೆತ್ತಲಿಲ್ಲ. ಅವರು ಆಮೇಲೂ ಸಂಜೆ ಪುಸ್ತಕ ತೆರೆದುಕೊಂಡು ಕೂರುತ್ತಿದ್ದರು, ನಾನು ಚಹಾ ತಂದಿಡುತ್ತಿದ್ದೆ. ಅವರ ಮರ್ಯಾದೆ ಉಳಿಯಿತು, ಸಂಸಾರವೂ ನಡೆಯಿತು.

ಮಾವನೆದುರು ಸ್ವಲ್ಪ ನಿಧಾನವಾಗಿ, ಗಟ್ಟಿಯಾಗಿ ಮಾತಾಡು. ಬೇರೆ ಮನೆಯ ಯೋಚನೆ ಬಿಡು. ಅಷ್ಟು ಸಾಕು.

ಅಮ್ಮ


ಆಗಸ್ಟ್ ೧

ಮಾವನವರಿಗೆ ನಮಸ್ಕಾರಗಳು.

ಒಂದೇ ಮನೆಯಲ್ಲಿದ್ದು ಕಾಗದ ಬರೆಯುತ್ತಿದ್ದೇನೆಂದು ಆಶ್ಚರ್ಯವಾಗಬಹುದು. ಅಮ್ಮನಿಗೆ ಬರೆದು ಬರೆದು ನನಗೆ ಧೈರ್ಯ ಬರುವುದು ಇದರಲ್ಲಿ ಮಾತ್ರ ಎಂಬಂತಾಗಿದೆ.

ಆ ದಿನ ಹಲಗೆಯ ಹಿಂದೆ ಕೂತಿದ್ದವಳು ನಾನು.

ನಾನು ಅಲ್ಲಿ ಕೆಲಸ ಮಾಡುತ್ತೇನೆ. ನೀವೆಂದು ಗೊತ್ತಾದ ಕೂಡಲೇ ಏಳಬೇಕಿತ್ತು, ಏಳಲಿಲ್ಲ. ಮುಗಿದ ಮೇಲೆ ಬಂದು ಮುಖ ತೋರಿಸಬೇಕಿತ್ತು, ಓಡಿಹೋದೆ. ಎರಡೂ ನನ್ನ ತಪ್ಪು. ಸುಮ್ಮನಿರು ಎಂದು ಅಮ್ಮ ಹೇಳಿದರು. ಎರಡು ವಾರ ಸುಮ್ಮನಿದ್ದೂ ನೋಡಿದೆ. ಆದರೆ ನೀವು ಊಟಕ್ಕೂ ಮೇಜಿಗೆ ಬರುತ್ತಿಲ್ಲ. ನಿಮ್ಮ ಮಾತು ಕೇಳಿಸಿಕೊಂಡವರು ಯಾರೆಂದು ತಿಳಿಯುವ ಹಕ್ಕು ನಿಮ್ಮದು. ಅದನ್ನು ನಾನು ಬಚ್ಚಿಟ್ಟುಕೊಂಡರೆ ನಿಮ್ಮೆದುರು ಪ್ರತಿದಿನವೂ ಹಲಗೆಯ ಹಿಂದೆಯೇ ಕೂತಂತೆ.

ನಾನು ಯಾರಿಗೂ ಹೇಳಿಲ್ಲ, ಅಮ್ಮನ ಹೊರತು. ನಿಮ್ಮ ಮಗನಿಗೂ ಇಲ್ಲ. ಅದು ನೀವು ಹೇಳಬೇಕಾದ ಮಾತು.

ನನ್ನ ಕೆಲಸವೇ ಜನರನ್ನು ಗಮನಿಸುವುದು, ಮಾವ. ಬಲ್ಬು ನೋಡಿದೆ, ಕನ್ನಡಿ ನೋಡಿದೆ. ಹಿಂದಿನಿಂದ ಯಾರು ಬರುತ್ತಾರೆಂದು ತಿಳಿಯಲು ಇಟ್ಟುಕೊಂಡ ಕನ್ನಡಿಯನ್ನು ನೋಡಿ ನಕ್ಕೆ. ಕ್ಷಮಿಸಿ.

ನಿಮಗೆ ನಾನು ಬೇಡವೆಂದುಕೊಂಡು ಹೊರಡಲು ಸಿದ್ಧಳಾಗಿದ್ದೆ. ಈಗ ಹೋಗಲು ಮನಸ್ಸಿಲ್ಲ. ನೀವು ಹೇಗೆ ಹೇಳಿದರೆ ಹಾಗೆ.

ನಿಮ್ಮ ಸೊಸೆ


ಆಗಸ್ಟ್ ೨

ಗಿಣೀ,

ಹೋದ ವಾರದ ಕಾಗದ ಮರೆತುಬಿಡು. ಅಂಚೆಗೆ ಹಾಕಿ ಬಂದಾಗಿನಿಂದ ನಿನ್ನ ಅಪ್ಪನ ಆ ಪುಸ್ತಕವೇ ಕಣ್ಣಮುಂದೆ ಬರುತ್ತಿದೆ. ಅವರು ಓದುತ್ತಿರಲಿಲ್ಲ, ಓದುವ ನಟನೆ. ನನ್ನದು ಗೊತ್ತಿಲ್ಲದ ನಟನೆ. ಎಷ್ಟೊಂದು ಸಂಜೆ ಹಾಗೆ ಕಳೆದೆವು! ಪುಸ್ತಕ ಮುಚ್ಚಿಟ್ಟು ಇಬ್ಬರೂ ಸುತ್ತಾಡಿ ಬರಬಹುದಿತ್ತು.

ಹೇಳಿಬಿಡು. ಅವರಿಗೆ ಸಿಟ್ಟು ಬಂದರೆ ಬರಲಿ.

ಅಮ್ಮ


ಆಗಸ್ಟ್ ೪

ಸೌಭಾಗ್ಯವತಿ ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಬೆಳಗಿನ ಪೇಪರಿನ ಒಳಗೆ ಸಿಕ್ಕಿತು. ಸಿಟ್ಟು ಬಂತು. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಚಪ್ಪಲಿ ಮೆಟ್ಟಿಕೊಂಡು ಸೇತುವೆಯವರೆಗೂ ನಡೆದೆ. ವಾಪಸ್ಸು ಬರುವಾಗ ಸಿಟ್ಟು ಕಡಿಮೆಯಾಗಿ ನಾಚಿಕೆ ಹೆಚ್ಚಾಯಿತು. ಮೆಟ್ಟಿಲು ಹತ್ತುವಷ್ಟರಲ್ಲಿ ಬೇರೊಂದು ಯೋಚನೆ ಬಂತು. ಯಾರೋ ಗೊತ್ತಿಲ್ಲದವರು ಎಂದು ಎರಡು ವಾರ ಕೊರಗಿದೆನಲ್ಲ, ಅದು ತಪ್ಪಿತು. ಮನೆಯವಳೇ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಮಗನಿಗೆ ನಿನ್ನೆ ಹೇಳಿದೆ. "ಅಪ್ಪಾ, ನಾನು ನಿಮಗೆ ಸಿಡುಕು ಜಾಸ್ತಿ ಅನ್ಕೊಂಡಿದ್ದೆ" ಎಂದು ಅತ್ತುಬಿಟ್ಟ. ಅಷ್ಟು ದೊಡ್ಡವನು.

"ಅವಳನ್ನೇ ಕೇಳಿ" ಎಂದು ನಿನ್ನ ಯಂತ್ರ ಹೇಳಿತ್ತು. ಈಗ ಕೇಳುತ್ತೇನೆ. ಇತ್ತೀಚೆಗೆ ನೀನು ನನ್ನ ಕೋಣೆಯ ಬಾಗಿಲಲ್ಲಿ ನಿಂತು ನಿಧಾನವಾಗಿ ಕೂಗುತ್ತೀಯ. ಅದು ಬೇಡ. ನನಗೆ ಅದರಿಂದ ಏನೂ ಉಪಯೋಗವಿಲ್ಲ. ಕೆಳಗಿನ ಮನೆಯವರು ಮಾವ-ಸೊಸೆಗೆ ಜಗಳವೇ ಎಂದು ವಿಚಾರಿಸಿದರು. ಬೇಗ ಮಾತಾಡುವುದೂ ತೊಂದರೆಯಲ್ಲ. ಮಗ್ಗದ ಹೆಂಗಸರು ನಿನಗಿಂತ ಬೇಗ ಮಾತಾಡುತ್ತಿದ್ದರು.

ತೊಂದರೆ ಇರುವುದು ನಿನ್ನ ಕೈಯಲ್ಲಿ. ಬಾಯಿ ತೆರೆದರೆ ಸಾಕು, ಅಂಗೈ ಅಡ್ಡ ಬರುತ್ತದೆ. ನನಗೆ ಕಾಣುವುದು ಐದು ಬೆರಳು, ಒಂದು ಉಂಗುರ. ಬೆರಳಿನಲ್ಲಿ ಏನು ಓದಲಿ?

ಕೈ ತೆಗೆ. ನಾನು ಕೇಳುವುದು ಅಷ್ಟೇ.

ಮನೆ ಬಿಡುವುದು, ಇರುವುದು ನಿಮ್ಮಿಬ್ಬರಿಗೆ ಬಿಟ್ಟದ್ದು. ಹೋಗುವುದಾದರೆ ಆಫೀಸು ದೂರವೆಂದು ಹೋಗಿ, ನನಗಾಗಿ ಹೋಗಬೇಡಿ. ನನ್ನ ಆಸೆ ಏನೆಂದು ನಿನಗೆ ಆಗಲೇ ಗೊತ್ತಿದೆ. ಅದನ್ನು ಮಾತ್ರ ಅಳಿಸುವುದು ಬೇಡ.

ನಿನ್ನ ಮಾವ


ಸೆಪ್ಟೆಂಬರ್ ೬

ಅಮ್ಮಾ ಅಮ್ಮಾ ಅಮ್ಮಾ!

ಆ ಎರಡು ಕೋಣೆಯ ಮನೆ ಬೇಡವೆಂದು ಹೇಳಿಬಿಟ್ಟೆವು! ಓರೆ ಪರದೆ ಇಲ್ಲೇ ಇರುತ್ತದೆ.

ಮಾವನ ಕಾಗದ ಓದಿದ ಮರುದಿನ ಬೆಳಿಗ್ಗೆ ಚಹಾ ಹಿಡಿದುಕೊಂಡು ಅವರೆದುರು ಕೂತೆ. ಎರಡೂ ಕೈಯಲ್ಲಿ ಲೋಟ ಬಿಗಿಯಾಗಿ ಹಿಡಿದಿದ್ದೆ, ಇಲ್ಲದಿದ್ದರೆ ಕೈ ತಾನಾಗಿಯೇ ಬಾಯಿಗೆ ಹೋಗುತ್ತದೆ. "ಮಾವ, ಸಕ್ಕರೆ ಸಾಕಾ?" ಎಂದೆ. ಇಷ್ಟು ದಿನಗಳಲ್ಲಿ ನಾನು ಹೇಳಿ ಅವರಿಗೆ ತಲುಪಿದ ಮೊದಲ ಮಾತು ಅದೇ ಎನ್ನಬೇಕು. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಈ ಹಲ್ಲಿಗಾ ಅಷ್ಟೊಂದು ಕಾವಲು?" ಎಂದರು. "ಸಕ್ಕರೆ ಸ್ವಲ್ಪ ಹೆಚ್ಚಾಯ್ತು."

ನಿನ್ನ ಅಳಿಯ ಬಂದು ನೋಡಿದಾಗ ಇಬ್ಬರೂ ನಗುತ್ತಿದ್ದೆವು. ನೀನು ಅಷ್ಟು ವರ್ಷ ಹೇಳಿ ಆಗದ್ದು ಒಂದು ಕಾಗದದಲ್ಲಿ ಆಯಿತೆಂದು ಹೊಟ್ಟೆಕಿಚ್ಚು ಪಡಬೇಡ.

ಮಾವನನ್ನು ಕೇಳಿಕೊಂಡೇ ಮೇಡಂಗೂ ಎಲ್ಲ ಹೇಳಿದೆ. ಮುಖಕ್ಕೆ ಹೊಡೆದಂತೆ ಬೈದರು. ಕೆಲವು ವಾರ ಹಲಗೆಯ ಹಿಂದೆ ಕೂರುವುದಕ್ಕೆ ನನಗೆ ನಿಷೇಧ. ಬೈಗುಳ ಮುಗಿದ ಮೇಲೆ ಬಲ್ಬು, ಕನ್ನಡಿಯ ಬಗ್ಗೆ ಕೇಳುತ್ತ ಕೇಳುತ್ತ ಅವರ ಕಣ್ಣು ಅರಳಿತು. ನಮಗೆ ಸಹಾಯ ಮಾಡಿ ಎಂದು ಮಾವನನ್ನು ಕೇಳಿಕೊಳ್ಳಲು ತಾವೇ ಮನೆಗೆ ಬಂದರು. ಈಗ ಸಾಧನ ಬದಲಾಗುತ್ತಿದೆ. ಅದು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ; ಮೇಜಿನ ಸುತ್ತ ಕೂತವರು ಆಡಿದ ಮಾತನ್ನು ದಪ್ಪ ಅಕ್ಷರಗಳಲ್ಲಿ ಬರೆದು ತೋರಿಸುತ್ತದೆ. ಸಂಬಂಧಿಕರನ್ನು ಪರೀಕ್ಷೆಗೆ ಕೂರಿಸುವಂತಿಲ್ಲವಲ್ಲ? ಹಾಗಾಗಿ ಮೇಡಂ ಮಾವನನ್ನು ನಮ್ಮ ಕಡೆಗೇ ಸೇರಿಸಿಕೊಂಡರು. ಅವರೀಗ ವಾರಕ್ಕೊಂದು ದಿನ ನಮ್ಮ ಆಫೀಸಿಗೆ ಬಂದು ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ಎಲ್ಲರ ತಲೆ ತಿನ್ನುತ್ತಾರೆ.

ನಿನ್ನೆಯ ಕಥೆ ಹೇಳಿ ಮುಗಿಸುತ್ತೇನೆ. ಮಾವನಿಗೆ ಆ ಚಕ್ರದ ಕುರ್ಚಿಯಲ್ಲಿ ಕೂತು ನೋಡುವ ಆಸೆ. "ನೀನು ಆಚೆ ಕೂರು, ನಾನು ಯಂತ್ರ ಆಗ್ತೀನಿ" ಎಂದರು. ನಾನು ಸಾಧನದ ಎದುರು ಕೂತೆ. ಹಲಗೆಯ ಆಚೆ ಮಾವ, ಟಿವಿಯಲ್ಲಿ ನನ್ನ ಮುಖ. ಮೇಡಂ ಹೆಡ್‌ಫೋನ್ ಹಾಕಿಕೊಂಡು ಅವರ ಪಕ್ಕದಲ್ಲಿ.

ನಾನು ಕೈ ಮಡಿಲಲ್ಲಿಟ್ಟುಕೊಂಡೆ. ಸದ್ದೇ ಮಾಡದೆ, ಬರೀ ತುಟಿಯಲ್ಲಿ, ಅತ್ತೆ ಹೇಳುತ್ತಿದ್ದರಂತಲ್ಲ ಹಾಗೆ, ಕೇಳಿದೆ: ನಮ್ಮ ಮಾವನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ?

"ಏನೂ ಕೇಳಿಸ್ತಿಲ್ಲವಲ್ಲ, ಮೈಕ್ ಕೆಟ್ಟಿದೆಯಾ?" ಎಂದು ಆಚೆಯಿಂದ ಮೇಡಂ.

ಮಾವ ಒಂದೇ ಬೆರಳಿನಲ್ಲಿ ಟಕ್, ಟಕ್ ಎಂದು ಒತ್ತುವುದು ಕೇಳಿಸಿತು. ಬಹಳ ಹೊತ್ತು ಹಿಡಿಯಿತು. ಆಮೇಲೆ ನನ್ನ ಪರದೆಯಲ್ಲಿ ದಪ್ಪ ಅಕ್ಷರ ಮೂಡಿತು.

ಅವರನ್ನೇ ಕೇಳು.

ಅಷ್ಟು ಹೇಳಿ ಯಂತ್ರ ಕುರ್ಚಿ ಹಿಂದಕ್ಕೆ ತಳ್ಳಿತು. ನಿಯಮದ ಪ್ರಕಾರ ಹಲಗೆಯ ಹಿಂದಿನಿಂದ ಎದ್ದುಬಂದು ಮುಖ ತೋರಿಸಿತು.

ನಿನ್ನ,
ಗಿಣಿ